ಹೋಮಿ ಭಾಭಾ: ಅಣುವಿಗಿಂತ ಮೊದಲು ಆಳನ್ನು ಬೆಳೆಸಿದವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನಚಿತ್ರ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರು. ಅವರು ಮುಂಬಯಿಯವರು, ಸಿರಿವಂತ ಪಾರ್ಸಿ ಮನೆತನದವರು, ಕೇಂಬ್ರಿಜ್‌ನಲ್ಲಿ ಓದಿದವರು. ಹಳ್ಳಿಯ ಮಕ್ಕಳು ಓದುವ ನಮ್ಮ ಸರ್ಕಾರಿ ಪ್ರೌಢಶಾಲೆಗೂ ಅವರಿಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ನಾವು ಎಣಿಸಿದ್ದಕ್ಕಿಂತ ಹತ್ತಿರದ್ದು. ಅವರ ತಾತ ಡಾ. ಹೊರ್ಮಸ್‌ಜಿ ಭಾಭಾ ಅವರು ಹಿಂದಿನ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಭಾಭಾ ಅವರು ಬೆಂಗಳೂರಿನಲ್ಲಿ ಬೆಳೆದವರು. ಭಾಭಾ ಅವರು ತಮ್ಮ ಬದುಕಿನ ದಿಕ್ಕನ್ನು ಬದಲಿಸಿಕೊಂಡದ್ದು ಬೆಂಗಳೂರಿನಲ್ಲೇ. ನಮ್ಮ ಅವಿಭಜಿತ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲೂ ಗೌರಿಬಿದನೂರಿನಲ್ಲೂ ಅವರ ಕಾಲದಲ್ಲಿ ನಡೆದ ಕೆಲಸ ಲೋಕದ ವಿಜ್ಞಾನದ ಚರಿತ್ರೆಯಲ್ಲಿ ಸೇರಿದೆ.

ಅವರ ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ಅಣುಶಕ್ತಿ, ಅಣುಬಾಂಬು ನೆನಪಾಗುತ್ತವೆ. ನಾನು ಇಲ್ಲಿ ಹೇಳಹೊರಟಿರುವುದು ಬೇರೆ. ಯಂತ್ರ ತರುವುದಕ್ಕೆ ಮೊದಲು ಯಂತ್ರ ನಡೆಸುವ ಜನರನ್ನು ತಯಾರು ಮಾಡಬೇಕು ಎಂದು ನಂಬಿ ಹಾಗೆಯೇ ನಡೆದುಕೊಂಡ ಒಬ್ಬ ಮನುಷ್ಯನ ಕಥೆ ಇದು. ಶಾಲೆಯ ಸಂಚಿಕೆಗೆ ಈ ಕಥೆಯೇ ತಕ್ಕುದೆಂದು ನನ್ನ ಭಾವನೆ.

ಮನೆತನ ಮತ್ತು ಓದು

ಹೋಮಿ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯಲ್ಲಿ. ತಂದೆ ವಕೀಲರು. ಸೋದರತ್ತೆ ಮೆಹರ್‌ಬಾಯಿಯವರನ್ನು ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಟಾಟಾ ಅವರಿಗೆ ಕೊಟ್ಟು ಮದುವೆಯಾಗಿತ್ತು. ಮನೆಯಲ್ಲಿ ಪುಸ್ತಕಗಳಿದ್ದವು, ಪಾಶ್ಚಾತ್ಯ ಸಂಗೀತದ ಗ್ರಾಮಫೋನ್ ತಟ್ಟೆಗಳಿದ್ದವು, ಚಿತ್ರಕಲೆಯ ಪಾಠವೂ ಇತ್ತು. ಕ್ಯಾಥೆಡ್ರಲ್ ಅಂಡ್ ಜಾನ್ ಕಾನನ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು, ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಇವುಗಳಲ್ಲಿ ಓದಿ, 1927ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಗೆ ಸೇರಿದರು.

ಮಗ ಎಂಜಿನಿಯರ್ ಆಗಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಲ್ಲಬೇಕೆಂಬುದು ಮನೆಯವರ ಆಸೆ. ಆದರೆ ಕೇಂಬ್ರಿಜ್‌ನಲ್ಲಿ ಆಗ ಭೌತವಿಜ್ಞಾನದ ಸುಗ್ಗಿ. ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ರುದರ್‌ಫರ್ಡ್ ಮುಖ್ಯಸ್ಥರು. ಗಣಿತ ಹೇಳಿಕೊಡಲು ಡಿರಾಕ್ ಇದ್ದರು. ಹುಡುಗನ ಮನಸ್ಸು ಅತ್ತ ಹೊರಳಿತು. ತನಗೆ ಎಂಜಿನಿಯರಿಂಗ್ ಬೇಡ, ಭೌತವಿಜ್ಞಾನವೇ ಬೇಕು ಎಂದು ತಂದೆಗೆ ಕಾಗದ ಬರೆದರು. ತಂದೆಯವರು ಗದರಲಿಲ್ಲ, ಹಾಗೆಂದು ಒಂದೇ ಸಲಕ್ಕೆ ಒಪ್ಪಲೂ ಇಲ್ಲ. ಹಿಡಿದ ಎಂಜಿನಿಯರಿಂಗ್ ಓದನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಮುಂದೆ ಗಣಿತ ಓದಲು ಹಣ ಕೊಡುವುದಾಗಿ ಕರಾರು ಹಾಕಿದರು. 1930ರಲ್ಲಿ ಮಗ ಪ್ರಥಮ ದರ್ಜೆ ಪಡೆದು ತೋರಿಸಿದರು. ತಂದೆಯೂ ಮಾತು ಉಳಿಸಿಕೊಂಡರು. ಎರಡು ವರ್ಷದ ನಂತರ ಗಣಿತದಲ್ಲೂ ಪ್ರಥಮ ದರ್ಜೆ ಬಂತು. ಮಕ್ಕಳ ಓದಿನ ವಿಷಯದಲ್ಲಿ ಮನೆಯೊಳಗೆ ನಡೆಯುವ ಜಗ್ಗಾಟವನ್ನು ಕಂಡಿರುವ ತಂದೆತಾಯಿಗಳು ಈ ಕರಾರನ್ನು ಒಂದು ಕ್ಷಣ ಯೋಚಿಸಬೇಕು. ಅಪ್ಪನ ಎಂಜಿನಿಯರಿಂಗೂ ವ್ಯರ್ಥವಾಗಲಿಲ್ಲ. ಮುಂದೆ ರಿಯಾಕ್ಟರುಗಳನ್ನು ಕಟ್ಟುವ ಹೊತ್ತಿಗೆ ಅದೇ ಕೈಹಿಡಿಯಿತು.

1932ರಲ್ಲಿ ಅದೇ ಕ್ಯಾವೆಂಡಿಶ್‌ನಲ್ಲಿ ಚಾಡ್‌ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ಅಂಥ ಕಾಲದಲ್ಲಿ ಭಾಭಾ ಸಂಶೋಧನೆಗೆ ಇಳಿದರು. ಎಲೆಕ್ಟ್ರಾನಿಗೂ ಅದರ ಪ್ರತಿಕಣವಾದ ಪಾಸಿಟ್ರಾನಿಗೂ ಡಿಕ್ಕಿಯಾದಾಗ ಅವು ಹೇಗೆ ಚದುರುತ್ತವೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಇದಕ್ಕೆ ಇಂದಿಗೂ ಭಾಭಾ ಚದುರಿಕೆ ಎಂದೇ ಹೆಸರು. 1937ರಲ್ಲಿ ಹೈಟ್ಲರ್ ಎಂಬ ಜರ್ಮನ್ ವಿಜ್ಞಾನಿಯೊಡನೆ ಸೇರಿ ವಿಶ್ವಕಿರಣಗಳ ಬಗ್ಗೆ ಒಂದು ಮುಖ್ಯ ಸಿದ್ಧಾಂತ ಮಂಡಿಸಿದರು. ಆಕಾಶದಿಂದ ಬರುವ ಒಂದು ಬಲವಾದ ಕಣ ಗಾಳಿಗೆ ತಾಗಿ ಎರಡಾಗಿ, ಎರಡು ನಾಲ್ಕಾಗಿ, ನೆಲ ಮುಟ್ಟುವಷ್ಟರಲ್ಲಿ ಕಣಗಳ ಮಳೆಯೇ ಆಗುವುದು ಹೇಗೆಂದು ಅದು ವಿವರಿಸುತ್ತದೆ.

ಬೆಂಗಳೂರಿನ ವರ್ಷಗಳು

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಹಿಂತಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರು ಭೌತವಿಜ್ಞಾನ ವಿಭಾಗದಲ್ಲಿದ್ದರು. ಭಾಭಾ ಅಲ್ಲಿ ರೀಡರ್ ಆಗಿ ಸೇರಿದರು. ದೊರಾಬ್‌ಜಿ ಟಾಟಾ ಟ್ರಸ್ಟಿನ ಹಣದಿಂದ ವಿಶ್ವಕಿರಣ ಸಂಶೋಧನೆಯ ಒಂದು ಘಟಕ ಆರಂಭವಾಯಿತು. ವಿಕ್ರಮ್ ಸಾರಾಭಾಯಿಯವರೂ ಆ ವರ್ಷಗಳಲ್ಲಿ ಅಲ್ಲಿಯೇ ಕೆಲಸ ಮಾಡುತ್ತಿದ್ದರು. ಬೆಂಗಳೂರಿನ ಮೇಲೆ ಹಾರುವ ವಿಮಾನಗಳಲ್ಲಿ ಉಪಕರಣ ಇಟ್ಟು ಎತ್ತರದಲ್ಲಿ ವಿಶ್ವಕಿರಣಗಳನ್ನು ಅಳೆದರು. 1941ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಯುದ್ಧ ಮುಗಿದೊಡನೆ ಕೇಂಬ್ರಿಜ್‌ಗೆ ಹಿಂತಿರುಗಬೇಕೆಂದು ಅವರು ಬಂದಾಗ ಅಂದುಕೊಂಡಿದ್ದರು. ಬೆಂಗಳೂರಿನಲ್ಲಿದ್ದ ಆ ವರ್ಷಗಳಲ್ಲಿ ಆ ಎಣಿಕೆ ಬದಲಾಯಿತು. ಇಲ್ಲಿ ಬುದ್ಧಿವಂತ ಹುಡುಗರಿಗೆ ಕೊರತೆಯಿಲ್ಲ. ಅವರನ್ನು ಕೂಡಿಸಿ ಕೆಲಸ ಕೊಡುವ, ಹೊಸ ವಿಜ್ಞಾನ ಕಲಿಸುವ ಜಾಗ ಇಲ್ಲ ಎಂಬುದು ಅವರಿಗೆ ಮನದಟ್ಟಾಯಿತು. ಅನುಕೂಲ ಸಿಕ್ಕುವುದಾದರೆ ತನ್ನ ದೇಶದಲ್ಲೇ ನಿಂತು ಅಂಥದೊಂದು ಜಾಗ ಕಟ್ಟುವುದು ತನ್ನ ಕರ್ತವ್ಯ ಎಂದು ತೀರ್ಮಾನಿಸಿದರು.

1944ರ ಕಾಗದ

1944ರ ಮಾರ್ಚ್ 12ರಂದು ಭಾಭಾ ಅವರು ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಒಂದು ಕಾಗದ ಬರೆದರು. ಮೂಲಭೂತ ಭೌತವಿಜ್ಞಾನಕ್ಕೆ ಒಂದು ದೊಡ್ಡ ಸಂಶೋಧನಾ ಶಾಲೆ ಬೇಕು ಎಂಬುದು ಅದರ ಸಾರ. ಇನ್ನು ಇಪ್ಪತ್ತು ವರ್ಷದಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ ಉತ್ಪಾದಿಸುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಪರದೇಶದ ಬಾಗಿಲು ತಟ್ಟಬಾರದು, ಅವರು ನಮ್ಮಲ್ಲೇ ಸಿದ್ಧರಿರಬೇಕು ಎಂದು ಅದರಲ್ಲಿ ವಾದಿಸಿದ್ದರು.

ಆ ತಾರೀಕನ್ನು ಗಮನಿಸಬೇಕು. ಹಿರೋಶಿಮಾದ ಮೇಲೆ ಬಾಂಬು ಬಿದ್ದದ್ದು 1945ರ ಆಗಸ್ಟಿನಲ್ಲಿ. ಪರಮಾಣುವಿನಲ್ಲಿ ಇಂಥ ಶಕ್ತಿಯಿದೆ ಎಂದು ಲೋಕದ ಸಾಮಾನ್ಯ ಜನರಿಗೆ ತಿಳಿಯುವುದಕ್ಕೆ ಒಂದೂವರೆ ವರ್ಷ ಮೊದಲೇ ಈ ಕಾಗದ ಹೋಗಿದೆ. ದೇಶಕ್ಕೆ ಆಗ ಸ್ವಾತಂತ್ರ್ಯ ಕೂಡ ಬಂದಿರಲಿಲ್ಲ.

ಟ್ರಸ್ಟಿನವರು ಒಪ್ಪಿದರು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಕೆಲಸ ಶುರುಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯ ಪೆಡರ್ ರಸ್ತೆಯ ಕೆನಿಲ್‌ವರ್ತ್ ಎಂಬ ಬಂಗಲೆಗೆ ಹೋಯಿತು. ಅದು ಭಾಭಾ ಅವರ ಬಂಧುಗಳ ಮನೆ. ಅದರ ಒಂದು ಭಾಗದಲ್ಲಿ ದೇಶದ ದೊಡ್ಡ ಸಂಸ್ಥೆಯೊಂದು ಕಣ್ಣುಬಿಟ್ಟಿತು. ನಮ್ಮ ಶಾಲೆ ಕೂಡ ಸ್ವಂತ ಕಟ್ಟಡವಿಲ್ಲದೆ ಆರಂಭವಾದದ್ದನ್ನು ಬಲ್ಲ ಹಿರಿಯರಿಗೆ ಇದು ಹೊಸತೆನಿಸಲಾರದು. ಕೊಲಾಬಾದ ಕಡಲ ದಂಡೆಯಲ್ಲಿ ಅದಕ್ಕೆ ಸ್ವಂತ ಕಟ್ಟಡ ಉದ್ಘಾಟನೆಯಾದದ್ದು 1962ರಲ್ಲಿ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಪರಮಾಣು ಶಕ್ತಿ ಆಯೋಗ ರಚನೆಯಾಯಿತು. ಭಾಭಾ ಅಧ್ಯಕ್ಷರು, ಕೆ. ಎಸ್. ಕೃಷ್ಣನ್ ಮತ್ತು ಶಾಂತಿ ಸ್ವರೂಪ್ ಭಟ್ನಾಗರ್ ಸದಸ್ಯರು. 1954ರಲ್ಲಿ ಪರಮಾಣು ಶಕ್ತಿ ಇಲಾಖೆ ಬಂತು. ಅದು ನೇರವಾಗಿ ಪ್ರಧಾನಿ ನೆಹರೂ ಅವರ ಕೈಕೆಳಗೆ.

ಗ್ಯಾಸ್‌ಲೈಟಿನೊಳಗಿನ ಥೋರಿಯಂ

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಹೇಳಬೇಕು. ಪ್ರಯೋಗಾಲಯದ ಗೋಡೆಯ ಮೇಲೆ ತೂಗುವ ಆವರ್ತ ಕೋಷ್ಟಕದಲ್ಲಿ ಎಲ್ಲಕ್ಕಿಂತ ಕೆಳಗೆ, ಬೇರೆಯಾಗಿ ಬರೆದ ಒಂದು ಸಾಲಿದೆ. ಪರಮಾಣು ಸಂಖ್ಯೆ 89ರ ಆಕ್ಟಿನಿಯಂನಿಂದ 103ರ ಲಾರೆನ್ಸಿಯಂವರೆಗೆ 15 ಧಾತುಗಳು. ಇವಕ್ಕೆ ಆಕ್ಟಿನೈಡುಗಳು ಎಂದು ಹೆಸರು. ಅಮೆರಿಕದ ಗ್ಲೆನ್ ಸೀಬೋರ್ಗ್ ಅವರು ಇವೆಲ್ಲ ಒಂದೇ ಕುಟುಂಬದವು ಎಂದು 1944ರಲ್ಲಿ ಗುರುತಿಸಿದರು. ಈ ಕುಟುಂಬದ ಎಲ್ಲವೂ ವಿಕಿರಣ ಸೂಸುವಂಥವು. ಇವುಗಳಲ್ಲಿ ಥೋರಿಯಂ, ಯುರೇನಿಯಂ ನೆಲದಲ್ಲಿ ಸಿಗುತ್ತವೆ. ಪ್ಲುಟೋನಿಯಂ ಅನ್ನು ರಿಯಾಕ್ಟರಿನಲ್ಲಿ ತಯಾರಿಸಿಕೊಳ್ಳಬೇಕು. ಪರಮಾಣು ಶಕ್ತಿಯ ಕಥೆಯೆಲ್ಲ ಈ ಮೂರರ ಸುತ್ತಲೇ ಇದೆ.

ಥೋರಿಯಂ ಎಂದರೆ ನಾವು ಕಾಣದ ವಸ್ತುವಲ್ಲ. ಕರೆಂಟು ಬರುವ ಮೊದಲು ಜಾತ್ರೆ, ಮದುವೆ ಚಪ್ಪರ, ನಾಟಕ ಎಲ್ಲದಕ್ಕೂ ಬೆಳಕು ಕೊಡುತ್ತಿದ್ದುದು ಪೆಟ್ರೋಮ್ಯಾಕ್ಸ್ ಗ್ಯಾಸ್‌ಲೈಟು. ಅದರೊಳಗೆ ಬಟ್ಟೆಯ ಚೀಲದಂತೆ ಕಟ್ಟುತ್ತಿದ್ದ ಮ್ಯಾಂಟಲ್ ನೆನಪಿರಬಹುದು. ಒಮ್ಮೆ ಉರಿದ ಮೇಲೆ ಬೆರಳು ತಾಗಿದರೆ ಬೂದಿಯಾಗಿ ಉದುರುತ್ತಿತ್ತು. ಅದನ್ನು ಅದ್ದಿ ತೆಗೆಯುತ್ತಿದ್ದುದು ಥೋರಿಯಂ ನೈಟ್ರೇಟ್ ದ್ರಾವಣದಲ್ಲಿ. ಆ ಬೆಳ್ಳನೆಯ ಬೆಳಕಿಗೆ ಥೋರಿಯಂ ಕಾರಣ.

ಈ ಥೋರಿಯಂ ಸಿಗುವುದು ಕೇರಳ, ತಮಿಳುನಾಡಿನ ಕಡಲ ತೀರದ ಮರಳಿನಲ್ಲಿರುವ ಮೊನಜೈಟ್ ಎಂಬ ಖನಿಜದಿಂದ. ಬ್ರಿಟಿಷರ ಕಾಲದಲ್ಲಿ ಆ ಮರಳು ಮ್ಯಾಂಟಲ್ ಮಾಡುವವರಿಗಾಗಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಭಾಭಾ ಅವರ ಕಾಲದಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ 1950ರಲ್ಲಿ ಹುಟ್ಟಿತು. ಆಲುವಾದಲ್ಲಿ ಮೊನಜೈಟ್ ಸಂಸ್ಕರಿಸುವ ಕಾರ್ಖಾನೆ, 1955ರಲ್ಲಿ ಟ್ರಾಂಬೆಯಲ್ಲಿ ಥೋರಿಯಂ ಘಟಕ ಬಂದವು. ಮರಳು ಮಾರುವ ದೇಶ ಮರಳಿನೊಳಗಿನ ಧಾತುವನ್ನು ತಾನೇ ಬೇರ್ಪಡಿಸಲು ಕಲಿಯಿತು.

ಮೂರು ಹಂತದ ಯೋಜನೆ

ನಮ್ಮ ದೇಶದಲ್ಲಿ ಯುರೇನಿಯಂ ಕಡಿಮೆ, ಥೋರಿಯಂ ಧಾರಾಳ. ಆದರೆ ಒಂದು ತೊಡಕು. ಥೋರಿಯಂ ಹಸಿ ಸೌದೆಯಂತೆ. ನೇರವಾಗಿ ಒಲೆಗೆ ಹಾಕಿದರೆ ಉರಿಯದು. ಅದು ಮೊದಲು ಒಂದು ನ್ಯೂಟ್ರಾನನ್ನು ನುಂಗಬೇಕು. ಆಮೇಲೆ ಪ್ರೊಟಾಕ್ಟಿನಿಯಂ ಎಂಬ ಧಾತುವಾಗಿ, ಕೆಲವು ವಾರಗಳಲ್ಲಿ ಯುರೇನಿಯಂ-233 ಆಗುತ್ತದೆ. ಆ ಯುರೇನಿಯಂ-233 ಚೆನ್ನಾಗಿ ಒಡೆದು ಶಕ್ತಿ ಕೊಡುತ್ತದೆ. ಹಾಗಾದರೆ ಮೊದಲ ನ್ಯೂಟ್ರಾನುಗಳನ್ನು ಎಲ್ಲಿಂದ ತರುವುದು?

1954ರಲ್ಲಿ ಭಾಭಾ ಮುಂದಿಟ್ಟ ಮೂರು ಹಂತದ ಯೋಜನೆ ಇದಕ್ಕೆ ಉತ್ತರ. ಮೊದಲ ಹಂತದಲ್ಲಿ, ಇರುವಷ್ಟು ನೈಸರ್ಗಿಕ ಯುರೇನಿಯಂ ಅನ್ನು ರಿಯಾಕ್ಟರುಗಳಲ್ಲಿ ಉರಿಸುವುದು. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಸುಮಾರು 0.7. ಉಳಿದ ಯುರೇನಿಯಂ-238ರ ಸ್ವಲ್ಪ ಭಾಗ ರಿಯಾಕ್ಟರಿನಲ್ಲಿ ಪ್ಲುಟೋನಿಯಂ ಆಗಿ ಬದಲಾಗುತ್ತದೆ. ಎರಡನೆಯ ಹಂತದಲ್ಲಿ, ಆ ಪ್ಲುಟೋನಿಯಂ ಅನ್ನು ಬೇರ್ಪಡಿಸಿ ವೇಗದ ರಿಯಾಕ್ಟರುಗಳಲ್ಲಿ ಉರಿಸುವುದು. ಅಲ್ಲಿ ಉರಿದುದಕ್ಕಿಂತ ಹೆಚ್ಚು ಇಂಧನ ಹುಟ್ಟುತ್ತದೆ. ಮೂರನೆಯ ಹಂತದಲ್ಲಿ ಥೋರಿಯಂ ಮತ್ತು ಯುರೇನಿಯಂ-233. ಬಿತ್ತನೆ ಬೀಜಕ್ಕೆಂದು ಒಂದು ಬೆಳೆಯಲ್ಲಿ ತೆಗೆದಿಟ್ಟು ಮುಂದಿನ ಬೆಳೆ ತೆಗೆಯುವ ರೈತನ ಲೆಕ್ಕಾಚಾರವೇ ಇದು.

ಕಾಗದದ ಮೇಲೆ ಇದು ಸುಲಭ. ಕೆಲಸಕ್ಕೆ ಇಳಿದರೆ ಯುರೇನಿಯಂ ಅದಿರು ಹುಡುಕುವ ಭೂವಿಜ್ಞಾನಿ ಬೇಕು, ಅದನ್ನು ಲೋಹವಾಗಿಸುವ ಲೋಹಶಾಸ್ತ್ರಜ್ಞ ಬೇಕು, ವಿಕಿರಣ ಅಳೆಯುವ ಉಪಕರಣ ಮಾಡುವವನು ಬೇಕು, ವಿಕಿರಣದಿಂದ ಕೆಲಸಗಾರರನ್ನು ಕಾಪಾಡುವವನು ಬೇಕು, ಪ್ಲುಟೋನಿಯಂ ರಸಾಯನಶಾಸ್ತ್ರ ಬಲ್ಲವನು ಬೇಕು. ಇದನ್ನೆಲ್ಲ ಕಲಿಸುವ ಕಾಲೇಜು ದೇಶದಲ್ಲಿ ಇರಲಿಲ್ಲ.

ಟ್ರಾಂಬೆಯ ಶಾಲೆ

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡಿತು. ನೀರಿನ ಕೊಳದೊಳಗೆ ಇಂಧನ ಇಳಿಬಿಟ್ಟ ಸಣ್ಣ ರಿಯಾಕ್ಟರ್ ಅದು. ಇಂಧನ ಬ್ರಿಟನ್ನಿನಿಂದ ಬಂದಿತ್ತು. ವಿನ್ಯಾಸ ಮಾಡಿ ಕಟ್ಟಿದವರು ನಮ್ಮವರು. ನೀರಿನಲ್ಲಿ ಕಾಣುವ ನೀಲಿ ಬೆಳಕಿಗೆ ಒಪ್ಪುವಂತೆ ಅಪ್ಸರಾ ಎಂದು ಹೆಸರಿಟ್ಟವರು ನೆಹರೂ. ಅದರ ಬೆನ್ನಿಗೇ ಕೆನಡಾದ ನೆರವಿನಿಂದ ದೊಡ್ಡದಾದ ಸೈರಸ್ ರಿಯಾಕ್ಟರಿನ ಕೆಲಸ ನಡೆದಿತ್ತು. 1960ರಲ್ಲಿ ಅದೂ ಚಾಲನೆಗೊಂಡಿತು.

ಒಂದು ರಿಯಾಕ್ಟರನ್ನು ಕೆಲವು ಜಾಣರು ಸೇರಿ ನಡೆಸಬಹುದು. ಮೂರು ಹಂತದ ಕೆಲಸಕ್ಕೆ ವರ್ಷ ವರ್ಷವೂ ಹೊಸ ತಂಡ ಬೇಕು. ಹತ್ತಿಪ್ಪತ್ತು ಜನರನ್ನು ಹೊರದೇಶಕ್ಕೆ ಕಳಿಸಿದರೆ ಅದು ತೀರುವ ಕೊರತೆಯಲ್ಲ. ಎಲ್ಲ ವಿದ್ಯೆಯನ್ನೂ ಹೊರದೇಶದವರು ಹೇಳಿಕೊಡುತ್ತಾರೆಂಬ ಖಾತರಿಯೂ ಇಲ್ಲ. ಆದ್ದರಿಂದ 1957ರ ಆಗಸ್ಟಿನಲ್ಲಿ ಭಾಭಾ ಅವರು ಟ್ರಾಂಬೆಯ ಸಂಸ್ಥೆಗೆ ಸೇರಿದಂತೆ ಒಂದು ತರಬೇತಿ ಶಾಲೆಯನ್ನೇ ತೆರೆದರು. ಅದನ್ನು ರೂಪಿಸುವ ಭಾರ ಬಹುಮಟ್ಟಿಗೆ ಬಿದ್ದದ್ದು ಡಾ. ರಾಜಾ ರಾಮಣ್ಣ ಅವರ ಮೇಲೆ. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ರಾಮಣ್ಣ ಅವರು 1949ರಲ್ಲಿ ಭಾಭಾ ಅವರ ಸಂಸ್ಥೆ ಸೇರಿದ್ದರು. ಪಾಶ್ಚಾತ್ಯ ಸಂಗೀತದ ಹುಚ್ಚು ಇಬ್ಬರಿಗೂ ಸಮಾನವಾಗಿತ್ತು.

ಶಾಲೆಯ ಕ್ರಮ ಸರಳ. ದೇಶದ ಬೇರೆ ಬೇರೆ ವಿಶ್ವವಿದ್ಯಾಲಯಗಳಿಂದ ಹೊಸದಾಗಿ ಪದವಿ ಪಡೆದ ಭೌತವಿಜ್ಞಾನ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಓದಿದವರನ್ನು ಆರಿಸುವುದು. ಒಂದು ವರ್ಷ ಪೂರ್ತಿ ಪಾಠ ಮತ್ತು ಪ್ರಯೋಗ. ಆ ವರ್ಷ ಕೈಖರ್ಚಿಗೆ ವೇತನ ಉಂಟು. ತೇರ್ಗಡೆಯಾದವರಿಗೆ ಅಲ್ಲಿಯೇ ಕೆಲಸ ಖಾಯಂ. ಭೌತವಿಜ್ಞಾನಿ ಎಂಜಿನಿಯರಿಂಗ್ ಕಲಿಯಬೇಕು, ಎಂಜಿನಿಯರ್ ಪರಮಾಣು ಭೌತವಿಜ್ಞಾನ ಕಲಿಯಬೇಕು. ಪಾಠ ಹೇಳುವವರು ಟ್ರಾಂಬೆಯಲ್ಲಿ ದಿನವೂ ಅದೇ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು. ಬೆಳಿಗ್ಗೆ ತರಗತಿಯಲ್ಲಿ ಕೇಳಿದ್ದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ಕಾಣಬಹುದಿತ್ತು.

ಓದುವಾಗ ಊಟಕ್ಕೆ ದಾರಿ, ಓದಿದ ಮೇಲೆ ಕೆಲಸದ ಭರವಸೆ. ನಮ್ಮ ಹಳ್ಳಿಯ ಎಷ್ಟು ಮಕ್ಕಳ ಓದು ಈ ಎರಡು ಇಲ್ಲದ್ದರಿಂದಲೇ ಅರ್ಧಕ್ಕೆ ನಿಂತಿದೆ ಎಂಬುದನ್ನು ನಾವು ಶಿಕ್ಷಕರು ಚೆನ್ನಾಗಿ ಬಲ್ಲೆವು. ಅಪ್ಪ ಹಣ ಕಳಿಸುತ್ತಿದ್ದುದರಿಂದ ತನ್ನ ಇಷ್ಟದ ವಿಷಯ ಓದಲು ಸಾಧ್ಯವಾದ ಶ್ರೀಮಂತರ ಮಗ, ಅಂಥ ಅಪ್ಪನಿಲ್ಲದ ಮಕ್ಕಳಿಗೂ ಆ ಅನುಕೂಲವನ್ನು ಸರ್ಕಾರದಿಂದ ಮಾಡಿಕೊಟ್ಟರು. ಭಾಭಾ ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ. ಈವರೆಗೆ ಸಾವಿರಾರು ಮಂದಿ ಆ ಶಾಲೆಯಿಂದ ಹೊರಬಂದಿದ್ದಾರೆ. ದೇಶದ ಪರಮಾಣು ಸಂಸ್ಥೆಗಳ ಮುಖ್ಯಸ್ಥರಾದವರಲ್ಲಿ ಅನೇಕರು ಅಲ್ಲಿಯ ವಿದ್ಯಾರ್ಥಿಗಳೇ.

ಪ್ಲುಟೋನಿಯಂ ಕೆಲಸ

ಕಲಿತವರ ಕೈಗೆ ಎಂಥ ಕೆಲಸ ಬಂತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ರಿಯಾಕ್ಟರಿನಲ್ಲಿ ಉರಿದು ಹೊರಬಂದ ಯುರೇನಿಯಂ ಸರಳುಗಳ ವಿಕಿರಣ ಎಷ್ಟು ತೀವ್ರವೆಂದರೆ ಮನುಷ್ಯ ಅದರ ಬಳಿ ನಿಲ್ಲುವಂತಿಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಆಚೆ ಅದನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದೂರದಿಂದಲೇ ನಿಯಂತ್ರಿಸುತ್ತ, ತಕ್ಕ ದ್ರಾವಕದಿಂದ ಯುರೇನಿಯಂ ಬೇರೆ, ಪ್ಲುಟೋನಿಯಂ ಬೇರೆ, ಕಸ ಬೇರೆ ಮಾಡಬೇಕು. ಒಳಗೆ ಒಂದು ಕೊಳವೆ ಸೋರಿದರೂ ಹೋಗಿ ರಿಪೇರಿ ಮಾಡುವುದು ಸುಲಭವಲ್ಲ. ಪ್ಲುಟೋನಿಯಂ ಒಂದೇ ಕಡೆ ಅಳತೆ ಮೀರಿ ಸೇರಿದರೆ ತಾನಾಗಿಯೇ ಸರಣಿ ಕ್ರಿಯೆ ಶುರುವಾಗುವ ಅಪಾಯ ಬೇರೆ.

ಈ ವಿದ್ಯೆ ಬಲ್ಲ ದೇಶಗಳು ಆಗ ಬೆರಳೆಣಿಕೆಯಷ್ಟು. ಟ್ರಾಂಬೆಯಲ್ಲಿ ಇಂಥ ಘಟಕ ಕಟ್ಟುವ ಹೊಣೆಯನ್ನು ಭಾಭಾ ಅವರು ಹೋಮಿ ಸೇಠ್ನಾ ಮತ್ತು ಅವರ ತಂಡಕ್ಕೆ ಒಪ್ಪಿಸಿದರು. 1964ರಲ್ಲಿ ಅದು ಕೆಲಸ ಆರಂಭಿಸಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಉದ್ಘಾಟಿಸಿದರು. ಇಪ್ಪತ್ತು ವರ್ಷದ ಹಿಂದಿನ ಕಾಗದದಲ್ಲಿ ಬರೆದಂತೆ ತಜ್ಞರು ನಮ್ಮಲ್ಲೇ ಸಿದ್ಧರಿದ್ದರು.

ಕೋಲಾರದ ಗಣಿಯ ಆಳದಲ್ಲಿ

ಭಾಭಾ ಅವರ ಗಮನ ಪರಮಾಣು ಶಕ್ತಿಯೊಂದರ ಮೇಲೇ ಇರಲಿಲ್ಲ. ಹುದ್ದೆ ಮೊದಲು ಸೃಷ್ಟಿಸಿ ಆಮೇಲೆ ಆಳು ಹುಡುಕುವುದು ಅವರ ಕ್ರಮವಲ್ಲ. ಸಮರ್ಥರನ್ನು ಮೊದಲು ಹುಡುಕಿ, ಅವರ ಸುತ್ತ ಕೆಲಸ ಬೆಳೆಸುವುದು ಅವರ ರೀತಿ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್, ಜೀವವಿಜ್ಞಾನಿ ಒಬೈದ್ ಸಿದ್ದಿಕಿ ಇಂಥವರು ಹೊರದೇಶದಿಂದ ಬಂದು ಅವರ ಸಂಸ್ಥೆಯಲ್ಲಿ ನೆಲೆನಿಂತರು.

ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಎಂಬ ಯುವಕ 1948ರಲ್ಲಿ ಟಾಟಾ ಸಂಸ್ಥೆ ಸೇರಿದರು. ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲಿ ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಉಪಕರಣಗಳನ್ನು ಇಳಿಸಿ, ವಿಶ್ವಕಿರಣಗಳು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಎಂದು ಅಳೆಯತೊಡಗಿದರು. ಕಾರ್ಮಿಕರು ಚಿನ್ನಕ್ಕಾಗಿ ಇಳಿಯುತ್ತಿದ್ದ ಅದೇ ಗಣಿ. ಆಳಕ್ಕೆ ಹೋದಂತೆ ಬೇರೆ ಕಣಗಳೆಲ್ಲ ಬಂಡೆಯಲ್ಲಿ ಸೋಸಿಹೋಗುತ್ತವೆ. ಹಾಗೆ ಸೋಸಿದ ಮೇಲೆ, ಯಾವುದಕ್ಕೂ ಸಿಕ್ಕದ ನ್ಯೂಟ್ರಿನೊ ಎಂಬ ಕಣವನ್ನು ಹಿಡಿಯಬಹುದೆಂಬ ಆಸೆ ಹುಟ್ಟಿತು. 1965ರಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂನ ವಿಜ್ಞಾನಿಗಳ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಪತ್ತೆ ಮಾಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇಂಥ ಪತ್ತೆಯಾಯಿತು. ಜಗತ್ತಿನಲ್ಲಿ ಇವೆರಡೇ ಮೊದಲು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಚಿನ್ನದ ಮಾತು ಹಳೆಯದಾಯಿತು. ಆ ಹೆಸರು ಮಾತ್ರ ಭೌತವಿಜ್ಞಾನದ ಪುಸ್ತಕಗಳಲ್ಲಿ ಉಳಿದಿದೆ.

1965ರಲ್ಲೇ ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಕೇಂದ್ರ ಬಂತು. ದೂರದ ದೇಶಗಳಲ್ಲಿ ನೆಲದಡಿ ಅಣುಸ್ಫೋಟ ನಡೆಸಿದರೆ ಅದರ ಕಂಪನವನ್ನು ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ಗುರುತಿಸುವುದು ಅದರ ಕೆಲಸ.

ಎದ್ದ ಪ್ರಶ್ನೆಗಳು

ಹಿರಿಯರ ಜೀವನ ಬರೆಯುವಾಗ ಹೊಗಳಿಕೆಯನ್ನಷ್ಟೇ ಬರೆದರೆ ಮಕ್ಕಳಿಗೆ ಅರ್ಧ ಪಾಠ ಹೇಳಿದಂತೆ. ಭಾಭಾ ಅವರ ದಾರಿಯನ್ನು ಒಪ್ಪದ ದೊಡ್ಡವರೂ ಇದ್ದರು. ಢಾಕಾದ ಬಳಿಯ ಹಳ್ಳಿಯೊಂದರ ಸಣ್ಣ ಅಂಗಡಿಯವರ ಮಗನಾಗಿ ಹುಟ್ಟಿ ಜಗದ್ವಿಖ್ಯಾತ ವಿಜ್ಞಾನಿಯಾದ ಮೇಘನಾದ ಸಹಾ ಅವರು ಲೋಕಸಭಾ ಸದಸ್ಯರಾಗಿದ್ದರು. ಪರಮಾಣು ಕೆಲಸ ಅಷ್ಟು ಗುಟ್ಟಾಗಿ ನಡೆಯುವುದು ಸರಿಯಲ್ಲ, ವಿಶ್ವವಿದ್ಯಾಲಯಗಳನ್ನು ಬದಿಗಿಟ್ಟು ಪ್ರತ್ಯೇಕ ಸಂಸ್ಥೆಗಳಲ್ಲಿ ಸಂಶೋಧನೆ ಕೂಡಿಡಬಾರದು ಎಂಬುದು ಅವರ ವಾದ. ಕಾಲೇಜುಗಳ ಪ್ರಯೋಗಾಲಯಗಳ ಇಂದಿನ ಸ್ಥಿತಿ ನೋಡಿದವರು ಆ ಮಾತನ್ನು ತಳ್ಳಿಹಾಕಲಾರರು.

ಲೆಕ್ಕಾಚಾರಗಳೂ ಎಲ್ಲ ಫಲಿಸಲಿಲ್ಲ. 1955ರಲ್ಲಿ ಜಿನೀವಾದಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಬಳಕೆಯ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಭಾಭಾ ಅದರ ಅಧ್ಯಕ್ಷರು. ಇನ್ನು ಎರಡು ದಶಕಗಳಲ್ಲಿ ಪರಮಾಣು ಸಮ್ಮಿಳನದ ಶಕ್ತಿಯನ್ನೂ ಹತೋಟಿಗೆ ತರುವ ದಾರಿ ಸಿಗುತ್ತದೆ ಎಂದು ಅವರು ಅಲ್ಲಿ ಭವಿಷ್ಯ ನುಡಿದಿದ್ದರು. ಅದರಿಂದ ವಿದ್ಯುತ್ ಪಡೆಯುವ ಸ್ಥಾವರ ಇನ್ನೂ ಬಂದಿಲ್ಲ. ಥೋರಿಯಂನ ಮೂರನೆಯ ಹಂತವೂ ಅವರು ಎಣಿಸಿದಷ್ಟು ಬೇಗ ಕೈಗೂಡಲಿಲ್ಲ. ಸೈರಸ್‌ನ ಪ್ಲುಟೋನಿಯಂ 1974ರಲ್ಲಿ ಪೋಖ್ರಾನಿನ ಸ್ಫೋಟಕ್ಕೆ ಬಳಕೆಯಾಯಿತು. ಕಲಿತ ವಿದ್ಯೆ ದೀಪಕ್ಕೂ ಆಗುತ್ತದೆ, ಬಾಂಬಿಗೂ ಆಗುತ್ತದೆ ಎಂಬ ಸತ್ಯ ಎದುರಿಗೆ ನಿಂತಿತು. ನಮ್ಮ ರಾಜ್ಯದಲ್ಲೇ ಕೈಗಾ ಸ್ಥಾವರವನ್ನು ಶಿವರಾಮ ಕಾರಂತರಂಥವರು ಕಾಡು ಮತ್ತು ಜನರ ಹಿತದ ಪ್ರಶ್ನೆ ಎತ್ತಿ ವಿರೋಧಿಸಿದ್ದರು. ಅದೇ ಕೈಗಾದ ಒಂದನೆಯ ಘಟಕ 2018ರಲ್ಲಿ 962 ದಿನ ಎಡೆಬಿಡದೆ ನಡೆದು ದಾಖಲೆ ಮಾಡಿದ್ದೂ ನಿಜ. ಎರಡನ್ನೂ ತಿಳಿದು ಯೋಚಿಸುವುದು ಓದಿದವರ ಕೆಲಸ.

ಕೊನೆಯ ಪ್ರಯಾಣ

ಭಾಭಾ ಅವರು ಮದುವೆಯಾಗಲಿಲ್ಲ. ಬಿಡುವಿದ್ದಾಗ ಚಿತ್ರ ಬರೆಯುತ್ತಿದ್ದರು; ಜೊತೆಯವರ ರೇಖಾಚಿತ್ರಗಳನ್ನು ಬಿಡಿಸುತ್ತಿದ್ದರು. ಟ್ರಾಂಬೆಯಲ್ಲಿ, ಕೊಲಾಬಾದಲ್ಲಿ ತೋಟಗಳನ್ನು ಮಾಡಿಸಿದರು. ಕಟ್ಟಡಕ್ಕೆ ಮರ ಅಡ್ಡ ಬಂದರೆ ಕಡಿಯಲು ಬಿಡದೆ, ಬೇರುಸಹಿತ ಎತ್ತಿ ಬೇರೆ ಕಡೆ ನೆಡಿಸುತ್ತಿದ್ದರು.

1966ರ ಜನವರಿಯಲ್ಲಿ ವಿಯೆನ್ನಾಕ್ಕೆ ಹೊರಟರು. ಜನವರಿ 24ರಂದು ಅವರಿದ್ದ ಏರ್ ಇಂಡಿಯಾದ ಕಾಂಚನಜಂಗಾ ಎಂಬ ಬೋಯಿಂಗ್ 707 ವಿಮಾನ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ಒಳಗಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಿಗೆ ಆಗ 56 ವರ್ಷ. ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅದೇ ದಿನ. ಮರುವರ್ಷ ಟ್ರಾಂಬೆಯ ಸಂಸ್ಥೆಗೆ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂದು ಹೆಸರಿಡಲಾಯಿತು.

ಒಬ್ಬನೇ ಮನುಷ್ಯನ ಮೇಲೆ ನಿಂತ ಕೆಲಸವಾಗಿದ್ದರೆ ಅಂದಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಯೋಗವನ್ನು ಸಾರಾಭಾಯಿ ವಹಿಸಿಕೊಂಡರು. ಸೇಠ್ನಾ, ರಾಮಣ್ಣ ಮುಂದೆ ನಡೆಸಿದರು. ತರಬೇತಿ ಶಾಲೆಗೆ ಆ ವರ್ಷವೂ ಹೊಸ ತಂಡ ಬಂತು, ಮರುವರ್ಷವೂ ಬಂತು. 1985ರಲ್ಲಿ ಕಲ್ಪಾಕ್ಕಂನಲ್ಲಿ ವೇಗದ ಪರೀಕ್ಷಾ ರಿಯಾಕ್ಟರ್ ಚಾಲನೆಗೊಂಡಿತು. 1996ರಲ್ಲಿ ಅಲ್ಲಿಯೇ ಕಾಮಿನಿ ಎಂಬ ಪುಟ್ಟ ರಿಯಾಕ್ಟರ್, ಥೋರಿಯಂನಿಂದ ಪಡೆದ ಯುರೇನಿಯಂ-233 ಇಂಧನದಿಂದ ನಡೆಯತೊಡಗಿತು. ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ ಹೋಗುತ್ತಿದ್ದ ಧಾತು ಕೊನೆಗೂ ರಿಯಾಕ್ಟರಿನ ಇಂಧನವಾಯಿತು. ಅದನ್ನು ಸಾಧಿಸಿದವರಲ್ಲಿ ಹೆಚ್ಚಿನವರು ಭಾಭಾ ಅವರನ್ನು ಮುಖತಃ ಕಂಡವರಲ್ಲ.

ಟ್ರಾಂಬೆಯ ತರಬೇತಿ ಶಾಲೆಗೆ ಇಂದಿಗೂ ಪ್ರತಿ ವರ್ಷ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರ ಆಯ್ಕೆ ನಡೆಯುತ್ತದೆ. ಅಲ್ಲಿ ಕೇಳುವುದು ಕಲಿತದ್ದೆಷ್ಟು ಎಂಬುದನ್ನು. ಓದಿದ ಶಾಲೆ ಯಾವುದೆಂಬುದನ್ನಲ್ಲ. ಐವತ್ತು ವರ್ಷದಲ್ಲಿ ನಮ್ಮ ಶಾಲೆಯಿಂದ ರೈತರು, ಶಿಕ್ಷಕರು, ಸೈನಿಕರು, ನೌಕರರು ಹೊರಬಂದಿದ್ದಾರೆ. ಎಂಟನೆಯ ತರಗತಿಗೆ ಈಗ ಬಂದು ಕುಳಿತಿರುವ ಮಕ್ಕಳು ಪ್ರಯೋಗಾಲಯಕ್ಕೆ ಹೋದಾಗ ಆವರ್ತ ಕೋಷ್ಟಕದ ಕೊನೆಯ ಸಾಲನ್ನು ಒಮ್ಮೆ ಓದಿಕೊಳ್ಳಲಿ. ಹಳೆಯ ವಿದ್ಯಾರ್ಥಿಗಳು ಆ ಕೋಷ್ಟಕ ಹರಿದಿದ್ದರೆ ಹೊಸದೊಂದನ್ನು ತಂದು ತೂಗುಹಾಕಲಿ. ಭಾಭಾ ಅವರ ತಾತ ನೋಡಿಕೊಳ್ಳುತ್ತಿದ್ದ ವಿದ್ಯಾ ಇಲಾಖೆಯ ಕೆಲಸವೂ ಅಂಥ ಸಣ್ಣ ಸಣ್ಣ ಕೆಲಸಗಳಿಂದಲೇ ನಡೆದಿರಬೇಕು.